ಮೋಡದಾಚೆಯ ಬಿಸಿಲು ಮತ್ತು ನಮ್ಮ ಮಾವ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಮದುವೆಯಾಗಿ ಕೊಟ್ಟಿಗೆಹಾರದ ಹತ್ತಿರದ ಒಂದು ಕಾಫಿ ತೋಟದ ಮನೆಗೆ ಸೊಸೆಯಾಗಿ ಬಂದೆ. ತೋಟ ದೊಡ್ಡದೇನಲ್ಲ. ಆಳುಗಳ ಲೆಕ್ಕ ಬರೆಯಲು ಒಬ್ಬ ರೈಟರನ್ನು ಇಟ್ಟುಕೊಳ್ಳುವಷ್ಟೂ ದೊಡ್ಡದಲ್ಲ. ತೋಟದ ಕೆಲಸವನ್ನು ನನ್ನ ಗಂಡ ನೋಡಿಕೊಂಡರೆ ಗದರುವ ಕೆಲಸವನ್ನು ಮಾವ ನೋಡಿಕೊಳ್ಳುತ್ತಿದ್ದರು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮೂಡಿಗೆರೆಯ ಜೂನಿಯರ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಮಾವನಿಗೆ ಇದು ಎಷ್ಟು ಹೆಮ್ಮೆಯ ವಿಷಯವಾಗಿತ್ತೆಂದರೆ, ಮಿಕ್ಸಿ ಕೆಟ್ಟರೂ ಗೋಬರ್ ಗ್ಯಾಸ್ ಹೊತ್ತದಿದ್ದರೂ ನನ್ನನ್ನೇ ಕರೆಯುತ್ತಿದ್ದರು. "ನಮ್ಮನೇಲೇ ಸೈನ್ಸ್ ಇರೋವಾಗ ಮೆಕ್ಯಾನಿಕ್ ಯಾಕೆ?" ಎನ್ನುತ್ತಿದ್ದರು. ನಾನು ಓದಿದ ಸೈನ್ಸ್‌ಗೂ ಮಿಕ್ಸಿಗೂ ಮಾತುಕತೆಯೇ ಇಲ್ಲ ಎಂದು ಹೇಳುವ ಧೈರ್ಯ ಹೊಸ ಸೊಸೆಗೆ ಎಲ್ಲಿಂದ ಬರಬೇಕು?

ನಾನು ಬರುವುದಕ್ಕೆ ಮುಂಚೆ ಮಾವ ಚಿಕ್ಕಮಗಳೂರಿನ ಕೃಷಿ ಪ್ರದರ್ಶನವೊಂದರಲ್ಲಿ ಒಂದು ಸೋಲಾರ್ ಲಾಟೀನು ಕೊಂಡಿದ್ದರು. ಮಾಡಿನ ಮೇಲೆ ಇಡಲು ಒಂದು ಪ್ಲೇಟು, ಒಳಗೆ ಇಡಲು ಒಂದು ದೀಪ. ಅದನ್ನು ಮಾರಿದವನು ಬಯಲುಸೀಮೆಯ ಕಡೆಯವನೇ ಇರಬೇಕು. ಮೇ ತಿಂಗಳವರೆಗೂ ಲಾಟೀನು ಚೆನ್ನಾಗಿ ಉರಿಯಿತಂತೆ. ಆದರೆ ಆಗ ಮನೆಯಲ್ಲಿ ಕರೆಂಟೂ ಇರುತ್ತಿತ್ತು. ಜೂನ್ ಬಂದು ಗಾಳಿಮಳೆ ಹಿಡಿದ ಮೇಲೆ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದು ಕರೆಂಟು ಹೋಯಿತು. ಲೈನ್‌ಮನ್ ಒಬ್ಬ, ಬಿದ್ದ ಮರಗಳು ಹತ್ತಾರು. ಅವನ ದಾರಿ ಕಾಯುತ್ತಾ ದಿನಗಟ್ಟಲೆ ಕೂರಬೇಕು. ಲಾಟೀನು ಬೇಕಾಗಿದ್ದದ್ದೇ ಆಗ. ಆಗಲೇ ಆ ಪ್ಲೇಟು ಮಾಡಿನ ಮೇಲೆ ಮಂಕು ಹಿಡಿದು ಕೂತು, ಅಂಚಿಗೆ ಪಾಚಿ ಬೆಳೆಸಿಕೊಳ್ಳತೊಡಗಿತು.

"ಬೇಡದೇ ಇರೋವಾಗ ಉರಿಯೋ ದೀಪ," ಎಂದು ಅತ್ತೆ ಸೀಮೆಎಣ್ಣೆ ಬುಡ್ಡಿಯ ಬತ್ತಿ ಸರಿಮಾಡುತ್ತಾ ಹೇಳುತ್ತಿದ್ದರು. ಅತ್ತೆಯ ಮಾತು ಹಾಗೆಯೇ. ಚಿಕ್ಕದು, ಮೆತ್ತಗಿನದು, ಆದರೆ ಮಾವನಿಗೆ ನಾಟುವ ಜಾಗಕ್ಕೇ ಹೋಗಿ ನಾಟುವಂಥದ್ದು.

ಒಂದು ಭಾನುವಾರ ಮಾವ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಆಕಾಶವನ್ನೇ ನೋಡುತ್ತಿದ್ದರು. ನೋಡಲು ಅಲ್ಲಿ ಏನೂ ಇರಲಿಲ್ಲ. ಎದುರಿನ ಗುಡ್ಡ ಕೂಡ ಕಾಣುತ್ತಿರಲಿಲ್ಲ.

"ಅಲ್ಲ ಮಗಾ, ಈ ಸೂರ್ಯ ಈಗ ಎಲ್ಲಿದಾನೆ?" ಎಂದರು.

"ಅಲ್ಲೇ ಇದಾನೆ ಮಾವ, ಮೋಡದ ಮೇಲೆ."

"ಮೋಡದ ಮೇಲೆ ಈಗ ಬಿಸಿಲಿದೆಯ?"

"ಧಾರಾಳ ಇದೆ. ವಿಮಾನದಲ್ಲಿ ಹೋದವ್ರಿಗೆ ಕಾಣುತ್ತೆ."

ಮಾವ ಕತ್ತೆತ್ತಿ ಮೋಡವನ್ನು ಇನ್ನೊಮ್ಮೆ ನೋಡಿದರು. ಆಮೇಲೆ, "ಹಂಗಾದ್ರೆ ಪ್ಲೇಟನ್ನ ಮೋಡದ ಮೇಲೇ ಇಟ್ರೆ ಆಯ್ತಲ್ಲ," ಎಂದರು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಒಳಗೆ ಹೋಗುತ್ತಿದ್ದರು. ನನಗೆ ಮಾತ್ರ ಪಾಠ ಹೇಳುವ ಚಟ. "ಅದನ್ನೇ ಯೋಚನೆ ಮಾಡ್ತಿರೋ ವಿಜ್ಞಾನಿಗಳಿದಾರೆ ಮಾವ," ಎಂದು ಶುರುಮಾಡಿದೆ. ಮೋಡಕ್ಕಿಂತ ಬಹಳ ಮೇಲೆ, ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಒಂದು ಉಪಗ್ರಹ ನಿಲ್ಲಿಸುವುದು. ಅಲ್ಲಿ ಮಳೆಯಿಲ್ಲ, ರಾತ್ರಿಯೂ ಇಲ್ಲವೆನ್ನುವಷ್ಟು ಕಡಿಮೆ. ಮೈಲಿಗಟ್ಟಲೆ ಪ್ಲೇಟು ಹಾಸಿ ಬಿಸಿಲನ್ನು ಕರೆಂಟು ಮಾಡುವುದು. ಆ ಕರೆಂಟನ್ನು ರೇಡಿಯೊ ಅಲೆಯ ಜಾತಿಯ ಮೈಕ್ರೊವೇವ್ ಮಾಡಿ ಭೂಮಿಗೆ ಬಿಡುವುದು. ಮೋಡ ಬೆಳಕನ್ನು ತಡೆದ ಹಾಗೆ ಈ ಅಲೆಯನ್ನು ತಡೆಯುವುದಿಲ್ಲ, ಮಳೆಯಲ್ಲೂ ಇಳಿದು ಬರುತ್ತದೆ. ಕೆಳಗೆ ತಂತಿಯ ಬಲೆಯಂಥ ಆಂಟೆನಾ ಹಾಸಿ ಅದನ್ನು ಹಿಡಿದು ಮತ್ತೆ ಕರೆಂಟು ಮಾಡಿಕೊಳ್ಳುವುದು. ಲೆಕ್ಕದಲ್ಲಿ ತಪ್ಪಿಲ್ಲ, ಮಾಡಿ ತೋರಿಸಿದವರು ಇನ್ನೂ ಇಲ್ಲ ಎಂದೆ.

ಮಾವ ಕಂಬಳಿ ತೆಗೆದು ಬದಿಗಿಟ್ಟರು. "ತಂತಿ ಬೇಡ?"

"ಮೇಲಿಂದ ಕೆಳಗೆ ಬರೋಕೆ ತಂತಿ ಬೇಡ."

"ಅಂದ್ರೆ ಮರ ಬೀಳೋಕೆ ಲೈನೇ ಇರಲ್ಲ! ಏ, ಕೇಳ್ತಾ?" ಎಂದು ಅಡುಗೆಮನೆಯ ಕಡೆ ಕೂಗಿದರು.

ಅಲ್ಲಿಂದ ಮುಂದೆ ನನ್ನ ಸಂಜೆಗಳು ಬದಲಾದವು. ಕಾಲೇಜು ಮುಗಿಸಿ ಬಸ್ಸಿಳಿದು ಗೇಟಿಗೆ ಬರುವಷ್ಟರಲ್ಲಿ ಮಾವ ಕೊಡೆ ಹಿಡಿದು ನಿಂತಿರುತ್ತಿದ್ದರು. ಸೊಸೆ ನೆನೆಯದಿರಲಿ ಎಂದಲ್ಲ. ಅವರ ಕೈಲಿದ್ದದ್ದು ಒಂದೇ ಕೊಡೆ, ಅದು ಅವರ ತಲೆಯ ಮೇಲೇ ಇರುತ್ತಿತ್ತು. ಹಗಲೆಲ್ಲ ಕೂಡಿಟ್ಟ ಪ್ರಶ್ನೆಗಳನ್ನು ಮನೆ ಮುಟ್ಟುವ ಮೊದಲೇ ಕೇಳಿ ಮುಗಿಸಬೇಕಿತ್ತು. ಉಪಗ್ರಹ ಮೇಲಿಂದ ಬೀಳುವುದಿಲ್ಲವೇ? ಅದು ಓಡುತ್ತಿದ್ದರೆ ನಮ್ಮ ತಲೆಯ ಮೇಲೇ ಹೇಗೆ ನಿಂತಿರುತ್ತದೆ? ಆ ಕಿರಣ ಹಾದುಹೋಗುವ ದಾರಿಯಲ್ಲಿ ಕಾಗೆ ಹಾರಿದರೆ ಬೆಂದು ಬೀಳುತ್ತದೆಯೇ? ನಾನು ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ವಿಜ್ಞಾನ ಪತ್ರಿಕೆಗಳನ್ನು ತಡಕಿದೆ. ಚಿಕ್ಕಮಗಳೂರಿಗೆ ಹೋದಾಗ ಅಲ್ಲಿನ ಗ್ರಂಥಾಲಯದಲ್ಲೂ ಕೂತೆ. ಕಾಗೆ ಬೇಯುವುದಿಲ್ಲ, ಕಿರಣವನ್ನು ಬೇಕೆಂದೇ ತೆಳ್ಳಗೆ ಹರಡಿ ಬಿಡುತ್ತಾರೆ, ಬಲೆಯ ನಟ್ಟನಡುವೆ ಕೂಡ ಅದರ ಶಕ್ತಿ ನಡುಮಧ್ಯಾಹ್ನದ ಬಿಸಿಲಿನ ಕಾಲುಭಾಗದಷ್ಟು ಎಂದು ಓದಿ ಬಂದು ಹೇಳಿದೆ. ಮಾವನಿಗೆ ಸ್ವಲ್ಪ ಬೇಜಾರಾಯಿತು ಎಂದು ನನ್ನ ಅನುಮಾನ. ಪೇರಲೆ ಮರಕ್ಕೆ ಬರುವ ಬಾವಲಿಗಳ ವಿಷಯದಲ್ಲಿ ಅವರಿಗೆ ಏನೋ ಆಸೆಯಿದ್ದಂತಿತ್ತು.

ಜುಲೈ ತಿಂಗಳಲ್ಲಿ ಮೂಡಿಗೆರೆಯಲ್ಲಿ ಬೆಳೆಗಾರರ ಸಂಘದ ಸಭೆ. ಕಾಳುಮೆಣಸಿನ ಬಳ್ಳಿಗೆ ಬರುವ ಸೊರಗು ರೋಗದ ಬಗ್ಗೆ ಘಟ್ಟದ ಕೆಳಗಿನಿಂದ ಒಬ್ಬ ತಜ್ಞರು ಬಂದು ಮಾತಾಡಬೇಕಿತ್ತು. ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚಿತು, ತಜ್ಞರು ಕೆಳಗೇ ಉಳಿದರು. ಕಾಫಿ, ಬೋಂಡ ತಯಾರಾಗಿದೆ, ಜನ ಜೀಪುಗಳಲ್ಲಿ ಬಂದು ಕೂತಿದ್ದಾರೆ, ಮಾತಾಡುವವರಿಲ್ಲ. ನಮ್ಮ ಮಾವ ಎದ್ದು ನಿಂತು, "ನಮ್ಮ ಸೊಸೆ ಇದೇ ಊರಿನ ಕಾಲೇಜಲ್ಲಿದಾಳೆ, ಅರ್ಧ ಗಂಟೇಲಿ ಕರ್ಕೊಂಡ್ ಬರ್ತೀನಿ," ಎಂದು ಹೇಳಿಯೇಬಿಟ್ಟರು. ನಾನು ಕ್ಲಾಸಿನಿಂದ ಹೊರಗೆ ಬಂದರೆ ಮಾವ ವರಾಂಡದಲ್ಲಿ ನಿಂತಿದ್ದರು. ಮನೆಯಲ್ಲಿ ಯಾರಿಗೆ ಏನಾಯಿತು ಎಂದು ಕೇಳಿದೆ. "ಎಂತ ಆಗಿಲ್ಲ ಮಾರಾಯ್ತಿ, ಜೀಪು ಹತ್ತು," ಎಂದರು.

ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಎದುರು ಗುಡ್ಡದ ಯಜಮಾನರು ಕೂತಿದ್ದರು. ಅವರ ವಿಷಯ ಇಲ್ಲಿ ಹೇಳಬೇಕು. ನಮ್ಮ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದು ಹಳ್ಳ. ಮಾರ್ಚ್ ತಿಂಗಳಲ್ಲಿ ಹೂಮಳೆ ಬಾರದಿದ್ದರೆ ಕಾಫಿ ಗಿಡಕ್ಕೆ ಸ್ಪ್ರಿಂಕ್ಲರಿನಲ್ಲಿ ನೀರು ಹಾಯಿಸಿ ಹೂ ಅರಳಿಸಬೇಕು. ಆಗ ಹಳ್ಳದಲ್ಲಿ ಇರುವ ನೀರೇ ಸ್ವಲ್ಪ. ಅದನ್ನು ಯಾರು ಮೊದಲು ಪಂಪು ಮಾಡಬೇಕು ಎಂಬುದರ ಮೇಲೆ ಅವರಿಬ್ಬರಿಗೆ ಹಿಂದೆಂದೋ ಜಗಳವಾಗಿ, ನಾನು ಸೊಸೆಯಾಗಿ ಬರುವ ಹೊತ್ತಿಗೆ ಮಾತು ಪೂರಾ ನಿಂತುಹೋಗಿತ್ತು. ಅವರು ದೊಡ್ಡ ಪ್ಲಾಂಟರು, ನಮ್ಮ ಮಾವ ಭುಜದವರೆಗೆ ಬರುವಷ್ಟು ಎತ್ತರದ ಆಳು, ಮಳೆಗಾಲವಿಡೀ ಒಂದೇ ಬೂದುಬಣ್ಣದ ಸ್ವೆಟರು. ಮದುವೆ ಮನೆಗಳಲ್ಲಿ ಇವರು ಒಂದು ಪಂಕ್ತಿಗೆ ಕೂತರೆ ಅವರು ಇನ್ನೊಂದು ಪಂಕ್ತಿಗೆ ಕಾಯುತ್ತಿದ್ದರು.

ನಾನು ಮಾತಾಡಿದೆ. ಬೋಂಡದ ತಟ್ಟೆಯನ್ನು ಉಪಗ್ರಹವೆಂದೂ ಮೇಜನ್ನು ಮೂಡಿಗೆರೆ ತಾಲೂಕೆಂದೂ ತೋರಿಸಿದೆ. ಜನ ಸೊರಗು ರೋಗಕ್ಕಿಂತ ಹೆಚ್ಚು ಆಸಕ್ತಿಯಿಂದ ಕೇಳಿದರು. ಕೆಳಗಿನ ಬಲೆ ಎಷ್ಟು ದೊಡ್ಡದು ಎಂದು ಯಾರೋ ಕೇಳಿದರು. ಕೆಲವು ಕಿಲೋಮೀಟರು ಉದ್ದ, ಕೆಲವು ಕಿಲೋಮೀಟರು ಅಗಲ ಎಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ಅಷ್ಟು ಜಾಗ ತೆಗೆದುಕೊಂಡರೆ ತೋಟ ಎಲ್ಲಿ ಉಳಿಯಿತು? ತಂತಿಯ ಬಲೆಯಾದ್ದರಿಂದ ಅದರ ಕೆಳಗೆ ಬೆಳೆ ಬೆಳೆಯಬಹುದು ಎಂದೆ ನಾನು. ಆಗ ಮಾವ ತಡೆಯಲಾರದೆ ಎದ್ದು ನಿಂತರು.

"ಕಾಫಿಗೆ ಹೆಂಗೂ ನೆರಳು ಬೇಕಲ್ರೀ! ಸಿಲ್ವರ್ ಓಕ್ ಬದ್ಲು ಆ ಬಲೆಯೇ ನೆರಳು ಕೊಡುತ್ತೆ. ಮರ ಸವರೋ ಕೆಲಸವೂ ಇಲ್ಲ."

"ಮಾವ, ಆ ಬಲೇಲಿ ಬಿಸಿಲು ಹೆಚ್ಚುಕಮ್ಮಿ ಪೂರಾ ಇಳಿದು ಬರುತ್ತೆ. ನೆರಳು ಸಾಲದು," ಎಂದೆ ನಾನು ಮೆಲ್ಲಗೆ.

"ಬಲೆ ಸ್ವಲ್ಪ ಒತ್ತಾಗಿ ಹೆಣೆಯೋಕೆ ಹೇಳೋಣ," ಎಂದು ಮಾವ ಕೂತರು, ಆ ಉಪಗ್ರಹ ಕಟ್ಟುವವರು ನಾಳೆ ನಮ್ಮ ಮನೆಗೆ ಆರ್ಡರ್ ಕೇಳಲು ಬರುತ್ತಾರೇನೋ ಎಂಬಂತೆ.

ಆಗ ಎದುರು ಗುಡ್ಡದ ಯಜಮಾನರು ಗಂಟಲು ಸರಿಮಾಡಿಕೊಂಡರು. ಅವರು ನನ್ನನ್ನು ನೋಡುತ್ತಾ ಮಾತಾಡಿದರೂ ಮಾತು ಎಲ್ಲಿಗೆ ಎಂದು ಸಭೆಗೆಲ್ಲ ಗೊತ್ತಿತ್ತು.

"ನನ್ದೊಂದು ಸಣ್ಣ ಪ್ರಶ್ನೆ ಅಮ್ಮ. ಮೂವತ್ತಾರು ಸಾವಿರ ಕಿಲೋಮೀಟರ್ ತಂತಿ ಇಲ್ದೇ ಬಂತು ಕರೆಂಟು, ಒಪ್ಕಂಡೆ. ಬಂದು ಬಲೆಗೆ ಬಿತ್ತು. ಬಲೆ ಎಲ್ಲೋ ಕಡೂರಿನ ಬಯಲಲ್ಲಿ ಹಾಕ್ತಾರೆ ಅನ್ಕಳಿ. ಅಲ್ಲಿಂದ ಕೊಟ್ಟಿಗೆಹಾರದ ನಮ್ಮನೆಗಳಿಗೆ ಹೆಂಗೆ ಬರುತ್ತೆ?"

ನಾನು ಬಾಯಿ ತೆರೆದೆ. ಉತ್ತರ ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

"ಕಂಬದ ಮೇಲೆ," ಎಂದೆ.

"ಈಗಿರೋ ಕಂಬವೇ?"

"ಹೌದು."

"ಈಗಿರೋ ಲೈನ್‌ಮನ್ನೇ?"

ಸಭೆ ಬಿದ್ದು ಬಿದ್ದು ನಕ್ಕಿತು. ಸೂರ್ಯನಿಂದ ಹೊರಟ ಶಕ್ತಿ ಅಂತರಿಕ್ಷವನ್ನೆಲ್ಲ ದಾಟಿ, ಮೋಡ ತೂರಿ, ಕೊನೆಗೆ ನಮ್ಮ ಗೇಟಿನ ಹತ್ತಿರ ಬಿದ್ದ ಹಲಸಿನ ಮರದ ಕೆಳಗೆ ಸಿಕ್ಕಿಕೊಳ್ಳುತ್ತದೆ ಎಂಬುದು ನನಗೂ ಅಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ. ನನಗೂ ನಗು ಬಂತು. ಮಾವ ಮಾತ್ರ ನಗಲಿಲ್ಲ. ಅವರು ವರ್ಷಗಳ ಮೇಲೆ ಮೊದಲ ಸಲ ಎದುರು ಗುಡ್ಡದವರ ಮುಖ ನೋಡಿ ನೇರವಾಗಿ ಮಾತಾಡಿದರು.

"ಬಲೆ ಕಡೂರಲ್ಲಿ ಯಾಕೆ ಹಾಕ್ತಾರೆ? ನಿಮ್ಮ ಗುಡ್ಡ, ನಮ್ಮ ಗುಡ್ಡ ಎರಡೂ ಸೇರಿಸಿ ಇಲ್ಲೇ ಹಾಕ್ಲಿ."

"ನಮ್ಮ ಗುಡ್ಡ ಕೊಡೋಕೆ ನೀವ್ಯಾರು?"

"ಕೊಡ್ತೀರಾ ಇಲ್ವಾ ಅಷ್ಟು ಹೇಳಿ!"

"ಅದು ಬರ್ಲಿ ಮೊದ್ಲು, ಆಮೇಲೆ ನೋಡಣ."

ಜೀಪಿನಲ್ಲಿ ಮನೆಗೆ ಬರುವಾಗ ಮಾವ ಸೋತವರ ಹಾಗೆ ಕಾಣಲಿಲ್ಲ. "ಇಲ್ಲ ಅನ್ಲಿಲ್ಲ ನೋಡ್ದೆಯಾ? ನೋಡಣ ಅಂದ," ಎಂದರು. ಅತ್ತೆಗೆ ವಿಷಯ ಗೊತ್ತಾದಾಗ ಅವರು ಉಪಗ್ರಹದ ಬಗ್ಗೆ ಏನೂ ಕೇಳಲಿಲ್ಲ. "ಮಾತಾಡಿದ್ರಾ? ಇಬ್ರೂ? ಜಗಳಾನೇ ಆದ್ರೂ ಅಡ್ಡಿಲ್ಲ," ಎಂದು ಆ ದಿನ ಕಡುಬಿನ ಜೊತೆ ತುಪ್ಪವನ್ನು ಎರಡು ಸಲ ಬಡಿಸಿದರು.

ಮಳೆ ಬಿಟ್ಟು ನವೆಂಬರ್ ಕಳೆದ ಮೇಲೆ ಮಾವ ಪ್ರಯೋಗಕ್ಕೆ ಇಳಿದರು. ಮೈಕ್ರೊವೇವ್ ಇಲ್ಲದಿದ್ದರೇನು, ಬಿಸಿಲನ್ನೇ ಮೇಲಿಂದ ಕೆಳಗೆ ಕಳಿಸಿ ಕರೆಂಟು ಮಾಡಿ ತೋರಿಸಿದರೆ ಎದುರು ಗುಡ್ಡದವರ ಬಾಯಿ ಮುಚ್ಚಬಹುದು ಎಂಬುದು ಅವರ ಆಲೋಚನೆ. ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಬೆಳಗಿನ ಸೂರ್ಯ ಹಿಂದಿನ ಗುಡ್ಡ ಹತ್ತಿ ಬರುವವರೆಗೂ ನಮ್ಮ ಅಂಗಳಕ್ಕೆ ಬಿಸಿಲಿಲ್ಲ. ಆದರೆ ಎದುರು ಗುಡ್ಡದ ನೆತ್ತಿಗೆ ಆಗಲೇ ಬಿಸಿಲು ಬಿದ್ದಿರುತ್ತದೆ. ಅಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ನಮ್ಮ ಮನೆಗೆ ಬಿಡುವುದು. ಇಲ್ಲಿ ಲಾಟೀನಿನ ಪ್ಲೇಟಿಗೆ ರೇಡಿಯೊ ಜೋಡಿಸಿ ಅದನ್ನು ಹಾಡಿಸುವುದು. ಅಂಥ ಕನ್ನಡಿ ಇದ್ದದ್ದು ಒಂದೇ, ನನ್ನ ತವರಿನವರು ಮದುವೆಗೆ ಕೊಟ್ಟ ಬೀರುವಿನ ಬಾಗಿಲಿನದು. ನನ್ನ ಗಂಡ ಸ್ಕ್ರೂ ಬಿಚ್ಚುವಾಗ ನನ್ನ ಮುಖ ನೋಡದೆ ಬಿಚ್ಚಿದರು.

ಎದುರು ಗುಡ್ಡದ ನೆತ್ತಿ ಅವರದ್ದು. ಕೇಳದೆ ಹತ್ತುವಂತಿಲ್ಲ. ಮಾವ ಎರಡು ದಿನ ಹಿಂದೆಮುಂದೆ ನೋಡಿ, ಕೊನೆಗೆ ಬಿಳಿ ಅಂಗಿ ಹಾಕಿಕೊಂಡು, ಅತ್ತೆ ಕೊಟ್ಟ ಜೇನಿನ ಬಾಟಲಿ ಹಿಡಿದು ಆ ಮನೆಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದ ಮೇಲೆ, "ಒಪ್ಪಿದ. ಆದ್ರೆ ತಾನೂ ಅಲ್ಲೇ ನಿಂತು ನೋಡ್ತಾನಂತೆ, ಮೋಸ ಮಾಡ್ತೀವಿ ಅಂತ ಅನುಮಾನ," ಎಂದರು. ದನಿಯಲ್ಲಿ ಸಿಟ್ಟಿತ್ತು, ಮುಖದಲ್ಲಿರಲಿಲ್ಲ.

ಪ್ರಯೋಗದ ದಿನ ಬೆಳಿಗ್ಗೆ ಮಾವ ಮತ್ತು ನನ್ನ ಗಂಡ ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿ ಎದುರು ಗುಡ್ಡ ಹತ್ತಿದರು. ನಾನು ಮತ್ತು ಅತ್ತೆ ಜಗಲಿಯಲ್ಲಿ. ಬೇರೆ ಬೆಳಕು ಸೇರಬಾರದೆಂದು ನಾನು ಮಾಡಿನಿಂದ ಜಗಲಿಗೆ ಇಳಿಸಿದ ಪ್ಲೇಟಿನ ಸುತ್ತ ಗೋಣಿಚೀಲ ಕಟ್ಟಿ, ಎದುರು ಗುಡ್ಡದ ಕಡೆ ಮಾತ್ರ ತೆರೆದಿಟ್ಟಿದ್ದೆ. ರೇಡಿಯೊದ ಸೆಲ್ಲು ತೆಗೆದಿಟ್ಟೆ. ಆಗ ಮೊಬೈಲ್ ಇಲ್ಲ. ನಾನು ಟವೆಲ್ ಬೀಸಿ ಎಡಕ್ಕೆ, ಬಲಕ್ಕೆ ಎಂದು ಹೇಳಬೇಕು, ಅವರು ಕನ್ನಡಿ ತಿರುಗಿಸಬೇಕು.

ಗುಡ್ಡದ ಮೇಲೆ ಒಂದು ಕಿಡಿ ಹೊಳೆಯಿತು. ಆ ಬೆಳಕು ಮೊದಲು ನಮ್ಮ ಕೊಟ್ಟಿಗೆಯ ಮೇಲೆ ಬಿತ್ತು. ಹಸು ಎದ್ದು ನಿಂತಿತು. ಆಮೇಲೆ ತೋಟದೊಳಗೆ ಎಲ್ಲೋ ಮಾಯವಾಯಿತು. ನಾನು ಟವೆಲ್ ಬೀಸಿದೆ. ಬೆಳಕು ತೆಂಗಿನ ಮರ ಹತ್ತಿ ಇಳಿದು, ಅಂಗಳ ದಾಟಿ, ಜಗಲಿಯ ಮೂಲೆಗೆ ಬಂತು. ಕನ್ನಡಿಯಷ್ಟೇ ಅಗಲದ ಬೆಳಕು ಬರುತ್ತದೆ ಎಂದು ಮಾವ ಎಣಿಸಿದ್ದರು. ಬಂದದ್ದು ಜಗಲಿಯ ಗೋಡೆಯನ್ನೆಲ್ಲ ತುಂಬುವಷ್ಟು ಅಗಲದ, ಹಾಲಿಗೆ ನೀರು ಬೆರೆಸಿದಂಥ ಬೆಳಕು. ಕಿರಣ ದೂರ ಹೋದಷ್ಟೂ ಹರಡುತ್ತದೆ. ಆಕಾಶದಿಂದ ಬರುವ ಕಿರಣಕ್ಕೆ ಕಿಲೋಮೀಟರುಗಟ್ಟಲೆ ಬಲೆ ಬೇಕಾಗುವುದೂ ಇದಕ್ಕೇ ಎಂದು ನಾನು ಅತ್ತೆಗೆ ವಿವರಿಸಲು ಹೊರಟೆ. ಅಷ್ಟರಲ್ಲಿ ರೇಡಿಯೊ ಕೊರ್ ಎಂದಿತು, ಆಮೇಲೆ ಒಬ್ಬ ಹೆಂಗಸು ಅದರೊಳಗಿಂದ ಮಾತಾಡಿದಳು.

"...ಬಾಣಲೆಯಲ್ಲಿ ಎಣ್ಣೆ ಕಾದ ಮೇಲೆ ಇದಕ್ಕೆ ಒಂದು ಚಮಚ..."

ನಿಂತಿತು. ಮೇಲೆ ಕನ್ನಡಿ ಅಲುಗಿತ್ತು. ನಾನು ಕುಣಿಯುತ್ತಿದ್ದೆ, ಅತ್ತೆ ಮಾತ್ರ ರೇಡಿಯೊಗೆ ಕಿವಿ ಹಚ್ಚಿದ್ದರು.

"ಒಂದು ಚಮಚ ಎಂಥದು?"

"ಅತ್ತೆ, ಕರೆಂಟು ಬಂತು! ಅಲ್ಲಿಂದ ಇಲ್ಲಿಗೆ ಬಂತು!"

"ಬಂತು ಸರಿ, ಒಂದು ಚಮಚ ಎಂಥದು ಹಾಕ್ಬೇಕು?"

ಬೆಳಕು ಮತ್ತೆ ಬಂತು. "...ಚೆನ್ನಾಗಿ ಕೈಯಾಡಿಸಿ, ಬಣ್ಣ ಬದಲಾದ ತಕ್ಷಣ..." ಮತ್ತೆ ಹೋಯಿತು. "...ಬಾಳೆ ಎಲೆಯ ಮೇಲೆ ತಟ್ಟಿ..." ಅತ್ತೆಗೆ ಆ ತಿಂಡಿಯ ತಲೆಯೂ ಸಿಗಲಿಲ್ಲ, ಬಾಲವೂ ಸಿಗಲಿಲ್ಲ. "ಸೆಲ್ಲು ಹಾಕಿದ್ರೆ ಇಷ್ಟೊತ್ತಿಗೆ ಪೂರಾ ಕೇಳ್ಬೋದಿತ್ತು," ಎಂದರು. ಅಂತರಿಕ್ಷದ ವಿದ್ಯುತ್ತಿನ ಬಗ್ಗೆ ನಾನು ಆಮೇಲೆ ಓದಿದ ಎಷ್ಟೋ ದಪ್ಪ ಲೇಖನಗಳ ಸಾರ ಇದೇ. ಆಗುತ್ತದೆಯೇ ಎಂದರೆ ಆಗುತ್ತದೆ. ಆದರೆ ಅಷ್ಟೆಲ್ಲ ಸಾಮಾನನ್ನು ರಾಕೆಟ್ಟಿನಲ್ಲಿ ಹೊತ್ತು, ಮೇಲೆ ಜೋಡಿಸಿ, ದಾರಿಯಲ್ಲಿ ಒಂದಷ್ಟು ಕಳೆದುಕೊಂಡು ಇಳಿಸುವ ಕರೆಂಟು, ಪಕ್ಕದಲ್ಲೇ ಸಿಗುವ ಕರೆಂಟಿಗಿಂತ ಅಗ್ಗವೇ ಎಂದರೆ ಯಾರೂ ಮುಖ ಕೊಟ್ಟು ಮಾತಾಡುವುದಿಲ್ಲ.

ಸೂರ್ಯ ಸರಿದ ಹಾಗೆ ಕನ್ನಡಿಯನ್ನೂ ಸರಿಸುತ್ತಿರಬೇಕು. ಹಾಗೆ ಸರಿಸುವಾಗ ಬೆಳಕು ಕೆಳಗಿನ ರಸ್ತೆಗೆ ಹೋಗಿದೆ. ಅದೇ ಹೊತ್ತಿಗೆ ಕಳಸದ ಕಡೆಯಿಂದ ಬರುವ ಬಸ್ಸು ತಿರುವಿಗೆ ಬಂತು. ಡ್ರೈವರನ ಕಣ್ಣಿಗೆ ಬೆಳಕು ರಾಚಿ ಅವನು ಗಕ್ಕನೆ ಬ್ರೇಕು ಹಾಕಿದ. ಬಸ್ಸಿನಲ್ಲಿದ್ದವರೆಲ್ಲ ಇಳಿದು ಗುಡ್ಡದ ಕಡೆ ನೋಡಿದರು. ಕಂಡಕ್ಟರ್ ಸೀಟಿ ಊದಿ, "ಯಾರ್ರೀ ಅದು ಮೇಲೆ? ಇಳೀರಿ ಕೆಳಗೆ!" ಎಂದು ಕೂಗಿದ. ಡ್ರೈವರ್ ಸೀದಾ ನಮ್ಮ ಗೇಟು ತಳ್ಳಿಕೊಂಡು ಬಂದ.

ಅತ್ತೆ ಅವನನ್ನು ಕೂರಿಸಿ ಕಾಫಿ ಕೊಟ್ಟರು. ಮಾವ, ನನ್ನ ಗಂಡ, ಎದುರು ಗುಡ್ಡದ ಯಜಮಾನರು ಮೂವರೂ ಏದುಸಿರು ಬಿಡುತ್ತಾ ಇಳಿದು ಬಂದರು. ಡ್ರೈವರನಿಗೆ ನಾನು ವಿಷಯ ವಿವರಿಸಿದೆ. ಅವನು ಅರ್ಧ ಲೋಟ ಮುಗಿಸಿ ಕೇಳಿದ:

"ಅಲ್ಲ ಮೇಡಮ್ಮೋರೆ, ಆಕಾಶದಿಂದ ಬಿಡೋದೂ ಹಿಂಗೇ ಆದ್ರೆ? ಗುರಿ ತಪ್ಪಿ ಬೇರೆ ಊರಿನ ಮೇಲೆ ಬಿದ್ರೆ?"

"ಅದಕ್ಕೆ ಉಪಾಯ ಇದೆ. ಬಲೆಯ ನಡುವಿನಿಂದ ಮೇಲಕ್ಕೆ ಒಂದು ಸಿಗ್ನಲ್ ಹೋಗ್ತಾನೇ ಇರುತ್ತೆ. ಅದನ್ನ ನೋಡ್ಕೊಂಡೇ ಮೇಲಿಂದ ಗುರಿ ಹಿಡಿಯೋದು. ಸಿಗ್ನಲ್ ತಪ್ಪಿದ್ರೆ ಕಿರಣ ಚದುರಿ ಹೋಗುತ್ತೆ, ಯಾರಿಗೂ ತೊಂದ್ರೆ ಆಗಲ್ಲ."

"ಹಂಗಾರೆ ನಿಮ್ಮ ಮಾವನೋರಿಗೂ ಒಂದು ಸಿಗ್ನಲ್ ಮಾಡ್ಕಳಿ. ನಾನು ತಿರುವಲ್ಲಿ ಹಾರನ್ ಹೊಡೀತೀನಿ, ಅವ್ರು ಕನ್ನಡಿ ಮಗುಚಿ ಹಾಕ್ಲಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ಎದುರು ಗುಡ್ಡದ ಯಜಮಾನರು. ಅವರು ನಮ್ಮ ಜಗಲಿಯ ಮೇಲೆ, ಮಾವನ ಪಕ್ಕದ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅದು ಅವರಿಗೂ ಮಾವನಿಗೂ ಒಟ್ಟಿಗೇ ಅರಿವಿಗೆ ಬಂದ ಹಾಗೆ ಕಂಡಿತು; ಇಬ್ಬರೂ ಒಂದು ಕ್ಷಣ ಲೋಟದೊಳಗೆ ನೋಡಿದರು. "ರೇಡಿಯೊ ಮಾತಾಡ್ತಾ?" ಎಂದು ಅವರೇ ಕೇಳಿದರು. "ಮಾತಾಡ್ತು," ಎಂದರು ಅತ್ತೆ, "ಆದ್ರೆ ಏನೂ ಹೇಳ್ಲಿಲ್ಲ."

ಕನ್ನಡಿ ಮತ್ತೆ ಬೀರುವಿಗೆ ಬರುವಾಗ ಅದರ ನಡುವೆ ಒಂದು ಗೀರು ಬಿದ್ದಿತ್ತು. ಎಷ್ಟೋ ವರ್ಷ ನಾನು ಆ ಕನ್ನಡಿಯಲ್ಲಿ ನನ್ನ ಕತ್ತಿನ ಮೇಲೆ ಒಂದು ಗೆರೆ ನೋಡಿಕೊಂಡೇ ಕಾಲೇಜಿಗೆ ಹೊರಟೆ.

ಇಬ್ಬರು ಹಿರಿಯರ ವಾದ ಮಾತ್ರ ನಿಲ್ಲಲಿಲ್ಲ. ವಾರಕ್ಕೊಮ್ಮೆಯಾದರೂ ಎದುರು ಗುಡ್ಡದವರು ಬಂದು ಕೂರುತ್ತಿದ್ದರು. ಉಪಗ್ರಹದಲ್ಲಿ ಫ್ಯೂಸು ಹೋದರೆ ಯಾರು ಹತ್ತುತ್ತಾರೆ, ಆಕಾಶದ ಧೂಳುಕಲ್ಲು ಬಡಿದು ಪ್ಲೇಟು ಒಡೆದರೆ ಏನು ಗತಿ ಎಂದು ಅವರು ಕೇಳುವುದು. ಮಾವ ನನ್ನಿಂದ ಕಲಿತದ್ದಕ್ಕೆ ತಮ್ಮದೂ ಸೇರಿಸಿ ಉತ್ತರ ಕೊಡುವುದು. ಮಾರ್ಚ್ ಬಂದಾಗ ಹಳ್ಳದ ನೀರನ್ನು ಒಂದು ದಿನ ಇವರು, ಒಂದು ದಿನ ಅವರು ಎಂದು ಪಂಪು ಮಾಡಿಕೊಂಡರು. ಅದರ ಬಗ್ಗೆ ಮಾತುಕತೆಯೇ ಆದಂತೆ ಕಾಣಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಮ್ಮ ಕಡೆಯ ಹಳ್ಳಗಳಲ್ಲಿ ಚಿಕ್ಕ ಟರ್ಬೈನುಗಳು ಬಂದವು. ಹಳ್ಳದ ನೀರನ್ನು ಮೇಲಿನಿಂದ ಪೈಪಿನಲ್ಲಿ ಇಳಿಸಿ, ಬಕೆಟ್ಟಿನಷ್ಟು ದೊಡ್ಡ ಯಂತ್ರವನ್ನು ತಿರುಗಿಸಿ, ಮನೆಗಾಗುವಷ್ಟು ಕರೆಂಟು ಮಾಡುವುದು. ಸಂಸೆಯ ಕಡೆ ಒಬ್ಬರ ಮನೆಯಲ್ಲಿ ನೋಡಿಬಂದು ನನ್ನ ಗಂಡ ನಮಗೂ ಹಾಕಿಸೋಣ ಎಂದರು. ಮಾವನಿಗೆ ಮೊದಲು ಅದು ತೀರಾ ಸಾಧಾರಣವಾಗಿ ಕಂಡಿತು. ನೀರಿನ ಚಕ್ರ! ಆಕಾಶದಿಂದ ಬಲೆಗೆ ಕರೆಂಟು ಇಳಿಸಲು ಹೊರಟವರು ಹಳ್ಳಕ್ಕೆ ಇಳಿಯುವುದೇ?

ಒಂದು ದಿನ ಅವರು ಹಳ್ಳದ ಬದಿಯಲ್ಲಿ ನಿಂತು ನನ್ನನ್ನು ಕರೆದರು. ಆಗ ಅವರಿಗೆ ವಯಸ್ಸಾಗಿತ್ತು, ಕೋಲು ಬಂದಿತ್ತು.

"ಮಗಾ, ಸಮುದ್ರದ ನೀರನ್ನ ಮೇಲಕ್ಕೆ ಎತ್ತಿದ್ದು ಯಾರು?"

"ಸೂರ್ಯ."

"ಮೋಡವನ್ನ ಘಾಟಿ ಹತ್ತಿಸಿದ್ದು?"

"ಗಾಳಿ. ಗಾಳಿಗೂ ಸೂರ್ಯನೇ ಕಾರಣ ಅನ್ನಿ."

"ಆ ನೀರು ಮೇಲಿಂದ ಕೆಳಗೆ, ತಂತಿ ಇಲ್ದೇ, ನಮ್ಮ ಗುಡ್ಡದ ಮೇಲೇ ಬಂದು ಬೀಳುತ್ತೆ. ನಮ್ಮ ಮನೆ ಪಕ್ಕವೇ ಹರಿಯುತ್ತೆ. ಹಂಗಾದ್ರೆ ಇದು ಎಂಥ ಕರೆಂಟು?"

ಪರೀಕ್ಷೆ ತೆಗೆದುಕೊಳ್ಳುವ ಮೇಷ್ಟ್ರ ಹಾಗೆ ಕೋಲೂರಿ ನಿಂತಿದ್ದರು. "ಆಕಾಶದ ಕರೆಂಟೇ ಮಾವ," ಎಂದು ನಾನು ಅವರಿಗೆ ಬೇಕಾದ ಉತ್ತರ ಕೊಟ್ಟೆ. ಕೊಡುವಾಗ ಅದು ತಪ್ಪು ಉತ್ತರವೂ ಅಲ್ಲ ಎಂದು ಅನ್ನಿಸಿತು.

ಹಳ್ಳ ಇಬ್ಬರದ್ದೂ ಆದ್ದರಿಂದ ಎದುರು ಗುಡ್ಡದವರನ್ನು ಕೇಳಬೇಕಿತ್ತು. ಅವರು ಬಂದು ಪೈಪು ಹಾದುಹೋಗುವ ಜಾಗವನ್ನೆಲ್ಲ ನೋಡಿ, "ನೀರು ವಾಪಸ್ ಹಳ್ಳಕ್ಕೇ ಬರುತ್ತಾ?" ಎಂದು ಕೇಳಿದರು.

"ಒಂದು ಹನಿ ಕಡಿಮೆಯಾಗಲ್ಲ," ಎಂದರು ಮಾವ.

"ಹಂಗಾದ್ರೆ ನಂದೂ ಒಂದು ಹಾಕ್ಸಿ. ನಿಮ್ಮ ಆಕಾಶದ ಬಲೆಗೆ ಕಾಯ್ತಾ ಕೂತ್ರೆ ನನ್ನ ಕಾಲ ಮುಗಿಯುತ್ತೆ."

"ಅದೂ ಬರುತ್ತೆ."

"ಬರ್ಲಿ. ಬಂದಾಗ ನೋಡಣ."

ಜೂನ್‌ನಲ್ಲಿ ಮಳೆ ಶುರುವಾಯಿತು, ಎಂದಿನಂತೆ ಮರ ಬಿದ್ದು ಲೈನು ಹೋಯಿತು, ನಮ್ಮ ಮನೆಯ ದೀಪಗಳು ಮಾತ್ರ ಉರಿದವು. ಮಳೆ ಜೋರಾದಷ್ಟೂ ಚೆನ್ನಾಗಿ ಉರಿದವು. ಎಲೆ ಕಸ ಸಿಕ್ಕಿಕೊಂಡು ಬೆಳಕು ಮಂಕಾದಾಗ ನನ್ನ ಗಂಡ ಹೋಗಿ ಪೈಪಿನ ಬಾಯಿ ಬಿಡಿಸಿ ಬರುತ್ತಿದ್ದರು. ಹೊಸ ತೊಂದರೆಯೊಂದೇ. ಆ ಟರ್ಬೈನು ತಿರುಗುತ್ತಲೇ ಇರುತ್ತದೆ, ಅದು ಕೊಡುವ ಕರೆಂಟನ್ನು ಎಲ್ಲಾದರೂ ಖರ್ಚು ಮಾಡುತ್ತಲೇ ಇರಬೇಕು. ದೀಪ ಆರಿಸಿದರೆ ಮಿಕ್ಕಿದ್ದು ಒಂದು ಹೀಟರಿಗೆ ಹೋಗುವಂತೆ ಮಾಡಿದ್ದರು. ಸ್ನಾನದ ಮನೆಯ ಪಕ್ಕದ ಕೋಣೆಯಲ್ಲಿ ಆ ಹೀಟರು ಹಗಲು ರಾತ್ರಿ ಸುಮ್ಮನೆ ಕಾಯುತ್ತಿತ್ತು.

ಅದರ ಉಪಯೋಗ ಕಂಡುಕೊಂಡವರು ಅತ್ತೆ. ಜುಲೈ ತಿಂಗಳಲ್ಲಿ ನಮ್ಮಲ್ಲಿ ಒಗೆದ ಬಟ್ಟೆ ಒಣಗುವುದು ಎಂಬುದೇ ಇಲ್ಲ. ಒಲೆಯ ಮೇಲೆ ಕಟ್ಟಿ ಹೊಗೆವಾಸನೆಯೊಂದಿಗೆ ಉಡುವುದು. ಅತ್ತೆ ಆ ಕೋಣೆಯಲ್ಲಿ ಹಗ್ಗ ಕಟ್ಟಿ ಸೀರೆ ಹರವಿದರು. ಸಂಜೆಯೊಳಗೆ ಗರಿಗರಿ. ಸುದ್ದಿ ಹಳ್ಳ ದಾಟಿತು. ಎದುರು ಗುಡ್ಡದವರ ಟರ್ಬೈನು ಇನ್ನೂ ಬಂದಿರಲಿಲ್ಲ. ಅವರ ಮನೆಯವರು ಒದ್ದೆ ಬಟ್ಟೆಯ ಬುಟ್ಟಿಯನ್ನು ಜೀಪಿನಲ್ಲಿ ಕಳಿಸತೊಡಗಿದರು. ಕೋಣೆಯ ಹಗ್ಗದ ಮೇಲೆ ಎರಡೂ ಮನೆಯ ಬಟ್ಟೆ ಒಟ್ಟೊಟ್ಟಿಗೆ ಜೋತುಬಿದ್ದವು.

ಆ ತಿಂಗಳ ಬೆಳೆಗಾರರ ಸಭೆಗೆ ಮಾವ ಆ ಕೋಣೆಯ ಹಗ್ಗದಿಂದ ಆಗಷ್ಟೇ ತೆಗೆದ ಪಂಚೆ ಉಟ್ಟು ಹೊರಟರು. ಹಳ್ಳದ ಕರೆಂಟಿನ ಬಗ್ಗೆ ತಾವೇ ಮಾತಾಡುವವರಿದ್ದರು. ಪಂಚೆ ಏಕೋ ನೆಲ ಗುಡಿಸುವಷ್ಟು ಉದ್ದವಿತ್ತು. ಸಭೆಯ ಬಾಗಿಲಲ್ಲಿ ಎದುರು ಗುಡ್ಡದ ಯಜಮಾನರು ನಿಂತಿದ್ದರು, ಮೊಣಕಾಲಿಗಿಂತ ಸ್ವಲ್ಪವೇ ಕೆಳಗೆ ಬರುವ ಒಂದು ಪಂಚೆಯಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿಕೊಂಡರಂತೆ. ಬದಲಾಯಿಸಿಕೊಳ್ಳಲು ಅಲ್ಲಿ ಜಾಗವಿರಲಿಲ್ಲ. ಹಾಗೆಯೇ ಒಳಗೆ ಹೋಗಿ ಒಂದೇ ಸಾಲಿನಲ್ಲಿ ಕೂತರು ಎಂದು ನನ್ನ ಗಂಡ ಬಂದು ಹೇಳಿದರು.